ನೆಂಟ ಒಲೆ ಹೊತ್ತು ಬರಬಾರದು

ಪ್ರಶ್ನೆ: ಜಾವಾದ ಮೈಬ್ಯಾಟಿಸ್ ಡೇಟಾಬೇಸ್ ಲೈಬ್ರರಿ ಯಾವುದಾದರೂ ಒಂದೇ ಲಾಗಿಂಗ್ ವ್ಯವಸ್ಥೆಯನ್ನು ನೆಚ್ಚಿಕೊಳ್ಳದೆ, ಹಲವಕ್ಕೆ ಹೊದಿಕೆ ಹಾಕಿರುವುದೇಕೆ?

ಉತ್ತರ: ಲೈಬ್ರರಿ ಎಂದರೆ ಇನ್ನೊಬ್ಬರ ಮನೆಗೆ ಬಂದ ನೆಂಟ. ಅಲ್ಲಿ ಬೆಂದದ್ದನ್ನು ಉಣ್ಣಬೇಕೇ ಹೊರತು ತನ್ನ ಒಲೆ ಹೊತ್ತು ತರಬಾರದು. ಒಬ್ಬರ ತಂತ್ರಾಂಶದಲ್ಲಿ ಲಾಗ್‌ಫೋರ್‌ಜೆ 2 ಇದ್ದರೆ, ಇನ್ನೊಬ್ಬರದ್ದರಲ್ಲಿ 2002ರಲ್ಲಿ ಜಾವಾ 1.4ರೊಡನೆ ಬಂದ ಅಂತರ್ಗತ ಲಾಗಿಂಗ್ ಇರುತ್ತದೆ.

ಅದಕ್ಕೇ ಮೈಬ್ಯಾಟಿಸ್ 'ಲಾಗ್' ಎಂಬ ಪುಟ್ಟ ಇಂಟರ್‌ಫೇಸ್ ಮಾಡಿಕೊಂಡಿದೆ. ಡೀಬಗ್, ಟ್ರೇಸ್, ವಾರ್ನ್, ಎರರ್‌ನಂಥ ಕೆಲವೇ ವಿಧಾನಗಳು ಅದರಲ್ಲಿವೆ. ಪ್ರತಿ ವ್ಯವಸ್ಥೆಗೂ ಒಂದೊಂದು ಅಡಾಪ್ಟರ್. ಮೊದಲು ಎಸ್‌ಎಲ್‌ಎಫ್‌ಫೋರ್‌ಜೆ, ಆಮೇಲೆ ಕಾಮನ್ಸ್ ಲಾಗಿಂಗ್, ನಂತರ ಲಾಗ್‌ಫೋರ್‌ಜೆ, ಕೊನೆಗೆ ಜಾವಾದ್ದೇ ಲಾಗಿಂಗ್. ಹೀಗೆ ಹುಡುಕಿ, ಮೊದಲು ಸಿಕ್ಕಿದ್ದನ್ನು ಹಿಡಿಯುತ್ತದೆ. ಏನೂ ಸಿಗದಿದ್ದರೆ ಮೌನ.

ತೊಡಕಿರುವುದೂ ಇಲ್ಲೇ. ಕೆಲವು ಸರ್ವರ್‌ಗಳು ಕಾಮನ್ಸ್ ಲಾಗಿಂಗನ್ನು ತಾವೇ ತಂದಿಟ್ಟಿರುತ್ತವೆ. ಆಗ ನೀವು ಜೋಪಾನವಾಗಿ ಬರೆದ ಲಾಗ್‌ಫೋರ್‌ಜೆ ಸಂರಚನೆಯನ್ನು ಕೇಳುವವರೇ ಇಲ್ಲ. ಎಸ್‌ಕ್ಯೂಎಲ್ ಸಾಲುಗಳು ಲಾಗ್‌ನಲ್ಲಿ ಕಾಣೆ! ಪರಿಹಾರ ಸುಲಭ: ಮೈಬ್ಯಾಟಿಸ್ ಸಂರಚನೆಯ 'ಲಾಗ್‌ಇಂಪ್ಲ್' ಆಯ್ಕೆಯಲ್ಲಿ ಬೇಕಾದ ವ್ಯವಸ್ಥೆಯ ಹೆಸರನ್ನು ನೇರವಾಗಿ ಬರೆದುಬಿಡಿ. ಹುಡುಕಾಟವನ್ನು ಅದೃಷ್ಟಕ್ಕೆ ಬಿಡಬೇಡಿ.