ಫ್ಲ್ಯಾಟಿನಲ್ಲಿ ಹೋಮಕುಂಡ

ಹಂಪಿಯ ವಿರೂಪಾಕ್ಷ ದೇಗುಲದಲ್ಲಿ ದೀಪ ಉರಿಯುವುದು ಕಲ್ಲಿನ ನಡುವೆ. ಹೊಗೆ ಹೋಗಲು ವಿಶಾಲ ಪ್ರಾಕಾರವಿದೆ. ಸಂಡೂರು, ಕಂಪ್ಲಿಯಲ್ಲಿ ಅಂಗಳವಿರುವ ಮನೆಗಳಿಗೂ ಆ ಅನುಕೂಲವುಂಟು. ಹೊಸಪೇಟೆಯ ಅಪಾರ್ಟ್‌ಮೆಂಟಿನ ಗೃಹಪ್ರವೇಶಕ್ಕೆ ಅದಿಲ್ಲ. ಹಾಲ್‌ನಲ್ಲಿ ಹೋಮಕುಂಡ, ಸುತ್ತ ರೇಷ್ಮೆ ಸೀರೆಗಳು, ಮೇಲೆ ಫಾಲ್ಸ್ ಸೀಲಿಂಗ್.

ಬೆಂಕಿಗಿಂತ ಮೊದಲು ಕೊಲ್ಲುವುದು ಹೊಗೆ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಹೊತ್ತಿಕೊಂಡು ಒಂಬತ್ತು ಮಂದಿ ಸತ್ತರು. ಅಲ್ಲಿ ಹೋಮವಿರಲಿಲ್ಲ, ನಿಜ. ಆದರೆ ಬಹುಮಹಡಿ ಕಟ್ಟಡದಲ್ಲಿ ಹೊಗೆ ತುಂಬಿದರೆ ಏನಾಗುತ್ತದೆಂದು ಅದು ತೋರಿಸಿತು. ಆದ್ದರಿಂದ ಹೋಮದ ದಿನ ಕಿಟಕಿಗಳು ತೆರೆದಿರಲಿ. ಚಪ್ಪಲಿ, ಕುರ್ಚಿಗಳು ಮೆಟ್ಟಿಲಿಗೆ ಅಡ್ಡವಾಗದಿರಲಿ.

ಪೂರ್ಣಾಹುತಿಯೇ ಅತಿ ಸೂಕ್ಷ್ಮ ಗಳಿಗೆ. ಆಗ ತುಪ್ಪ ಹೆಚ್ಚು ಬೀಳುತ್ತದೆ, ಜ್ವಾಲೆ ಏಳುತ್ತದೆ. ಉರಿಯುವ ತುಪ್ಪಕ್ಕೆ ನೀರು ಸುರಿಯಲೇಬಾರದು: ನೀರು ಕ್ಷಣದಲ್ಲಿ ಆವಿಯಾಗಿ ಬೆಂಕಿಯ ಹನಿಗಳನ್ನು ಸುತ್ತಲೂ ಎರಚುತ್ತದೆ. ಪಕ್ಕದಲ್ಲೊಂದು ಬಕೆಟ್ ಒಣ ಮರಳು ಇರಬೇಕು. ಕುಂಡದಡಿ ಇಟ್ಟಿಗೆ, ಮರಳು ಹಾಸುವ ಹಿರಿಯರ ಪದ್ಧತಿ ಟೈಲ್ಸ್ ನೆಲಕ್ಕಂತೂ ಅತ್ಯಗತ್ಯ. ಬಿಸಿಗೆ ಟೈಲ್ಸ್ ಸಿಡಿಯಬಹುದು.

ಊಟದ ಗಡಿಬಿಡಿಯಲ್ಲಿ ಕೆಂಡವನ್ನು ಮರೆಯಬೇಡಿ. ಬೂದಿಯೊಳಗೆ ಅದು ಗಂಟೆಗಟ್ಟಲೆ ಕಾವು ಹಿಡಿದಿರುತ್ತದೆ. ಬೆಂಕಿ ಕೈಮೀರಿದರೆ ಎಲ್ಲರನ್ನೂ ಮೆಟ್ಟಿಲಿನಿಂದ ಇಳಿಸಿ, ಲಿಫ್ಟ್ ಬೇಡ. ತಕ್ಷಣ 112ಕ್ಕೆ ಕರೆ ಮಾಡಿ.