ಅಳಿದ ಪ್ರಾಣಿಗಳ ಗಂಡು ಹೆಣ್ಣು

ಪ್ರಾಣಿಗಳ ಲಿಂಗಭೇದದ ವಿಷಯದಲ್ಲಿ ನಮ್ಮ ಕನ್ನಡ ವ್ಯಾಕರಣ ಬಹಳ ಉದಾಸೀನ. ಹುಂಜವೂ ‘ಬಂದಿತು’, ಹೇಂಟೆಯೂ ‘ಬಂದಿತು’. ಈ ವ್ಯಾಕರಣವನ್ನೇ ಪಾಠ ಹೇಳುತ್ತ ವಯಸ್ಸಾದ ನನಗೆ, ಅಳಿದುಹೋದ ಪ್ರಾಣಿಗಳ ಮೃಗಾಲಯವನ್ನು ಗಣಕಯಂತ್ರದ ತೆರೆಯ ಮೇಲೆ ಕಟ್ಟುವ ಮಕ್ಕಳ ಆಟವೊಂದು ಹೊಸ ಕುತೂಹಲವನ್ನು ಹುಟ್ಟಿಸಿದೆ. ‘ಜುರಾಸಿಕ್ ವರ್ಲ್ಡ್ ಎವೊಲ್ಯೂಷನ್ 3’ ಎಂಬ ಈ ಆಟ ಬಂದದ್ದು 2025ರಲ್ಲಿ. ಮೈಕೆಲ್ ಕ್ರೈಟನ್ನರ 1990ರ ಕಾದಂಬರಿಯಲ್ಲಿ ಉದ್ಯಾನದ ಡೈನೊಸಾರ್‌ಗಳನ್ನೆಲ್ಲ ಹೆಣ್ಣಾಗಿಯೇ ಸೃಷ್ಟಿಸಿದ್ದರು. ಈ ಆಟದಲ್ಲಾದರೋ ಗಂಡು, ಹೆಣ್ಣು, ಮರಿ ಎಲ್ಲವೂ ಉಂಟು.

ಬಣ್ಣದಲ್ಲಿ, ಗಾತ್ರದಲ್ಲಿ, ಜುಟ್ಟಿನಲ್ಲಿ ಹೀಗೆ ಭೇದ ತೋರಿಸುವುದಕ್ಕೆ ಆಧಾರವೇನು?

ಕೆಲವೆಡೆ ಆಧಾರ ಗಟ್ಟಿಯಾಗಿದೆ. ಐರಿಷ್ ಎಲ್ಕ್ ಎಂಬ ಮಹಾಜಿಂಕೆಯ ಗಂಡಿಗೆ ಮಾತ್ರ ಕವಲುಗೊಂಬು. ಅದರ ಹರವು ಸುಮಾರು 3.5 ಮೀಟರ್. ನಮ್ಮ ರಾಣೆಬೆನ್ನೂರಿನ ಬಯಲಿನ ಕೃಷ್ಣಮೃಗಗಳನ್ನು ಕಂಡವರಿಗೆ ಇದು ವಿಚಿತ್ರವೆನಿಸದು. ಅಲ್ಲಿಯೂ ತಿರುಚುಗೊಂಬು, ಕಪ್ಪು ಮೈ ಗಂಡಿನವು. ಹಾರುವ ಸರೀಸೃಪವಾದ ಟೆರಾನೊಡಾನ್‌ನ ಪಳೆಯುಳಿಕೆಗಳಲ್ಲಿಯೂ ಎರಡು ಬಗೆಗಳಿವೆ: ದೊಡ್ಡ ಮೈ, ದೊಡ್ಡ ಜುಟ್ಟಿನವು ಒಂದು, ಚಿಕ್ಕ ಮೈ, ಚಿಕ್ಕ ಜುಟ್ಟಿನವು ಇನ್ನೊಂದು. ಚಿಕ್ಕವುಗಳ ಸೊಂಟದ ಮೂಳೆಯ ಕಂಡಿ ಅಗಲವಾಗಿರುವುದರಿಂದ ಅವೇ ಮೊಟ್ಟೆಯಿಡುವ ಹೆಣ್ಣುಗಳೆಂದು ಕ್ರಿಸ್ಟೊಫರ್ ಬೆನೆಟ್ 1992ರಲ್ಲಿ ವಾದಿಸಿದರು.

ಡೈನೊಸಾರ್‌ಗಳ ಮಾತು ಇಷ್ಟು ಸುಲಭವಲ್ಲ. ಮೊಟ್ಟೆಯಿಡುವ ಕಾಲದಲ್ಲಿ ಹಕ್ಕಿಯ ಕಾಲುಮೂಳೆಯ ಒಳಗೆ ಸುಣ್ಣದ ಅಂಶದ ವಿಶೇಷ ಪದರವೊಂದು ಕೂಡಿಕೊಳ್ಳುತ್ತದೆ. ಮೊಟ್ಟೆಯ ಚಿಪ್ಪಿಗೆ ಅದೇ ಕಣಜ. ಅಂಥ ಪದರವನ್ನು ಟೈರನೊಸಾರಸ್ ಒಂದರ ತೊಡೆಮೂಳೆಯಲ್ಲಿ ಕಂಡುದಾಗಿ ಮೇರಿ ಶ್ವೈಟ್ಜರ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದರು. ಆದರೆ ಈ ಗುರುತು ಆ ಕೆಲವು ದಿನಗಳದು ಮಾತ್ರ. ಅದಿಲ್ಲವೆಂದ ಮಾತ್ರಕ್ಕೆ ಪ್ರಾಣಿ ಗಂಡೆನ್ನುವಂತಿಲ್ಲ. ಜುಟ್ಟನ್ನು ನಂಬೋಣವೆಂದರೆ, ಚಿಕ್ಕ ಜುಟ್ಟು ಹೆಣ್ಣಿನದೋ, ಬೆಳೆಯದ ಮರಿಯದೋ? ಬೇರೆ ಬೇರೆ ಜಾತಿಗಳೆಂದು ಹೆಸರು ಪಡೆದಿದ್ದ ಎಷ್ಟೋ ಜುಟ್ಟಿನ ಡೈನೊಸಾರ್‌ಗಳು ವಾಸ್ತವವಾಗಿ ಒಂದೇ ಜಾತಿಯ ಮರಿಗಳೋ, ಗಂಡುಹೆಣ್ಣುಗಳೋ ಆಗಿರಬೇಕೆಂದು 1975ರಲ್ಲಿ ಪೀಟರ್ ಡಾಡ್ಸನ್ ತೋರಿಸಿಕೊಟ್ಟರು. 2017ರಲ್ಲಿ ಜೋರ್ಡನ್ ಮ್ಯಾಲನ್ ಹಳೆಯ ಅಳತೆಗಳನ್ನು ಮತ್ತೆ ಲೆಕ್ಕಕ್ಕೆ ಹಚ್ಚಿದಾಗ, ಗಂಡುಹೆಣ್ಣಿನ ಭೇದಕ್ಕೆ ಸಾಕಷ್ಟು ಪುರಾವೆ ಅವುಗಳಲ್ಲಿ ದೊರೆಯಲಿಲ್ಲ. ಭೇದವೇ ಇರಲಿಲ್ಲವೆಂದು ಇದರ ಅರ್ಥವಲ್ಲ. ಸಿಕ್ಕಿರುವ ಮೂಳೆಗಳು ತೀರ್ಪಿಗೆ ಸಾಲವು ಎಂದಷ್ಟೇ.

ಹೀಗಿರುವಾಗ ಚಿತ್ರಕಾರನು ಊಹಿಸದೆ ವಿಧಿಯಿಲ್ಲ. ಊಹೆ ತಪ್ಪಲ್ಲ, ಆದರೆ ಅದು ನವಿಲನ್ನು ಮಾತ್ರ ನೋಡಿ ಹುಟ್ಟಬಾರದು. ಗಂಡು ಸದಾ ದೊಡ್ಡದು, ಹೆಣ್ಣು ಸದಾ ಮಾಸಲು ಎಂಬುದು ಪ್ರಕೃತಿಯ ನಿಯಮವಲ್ಲ. ಬೇಟೆಹಕ್ಕಿಗಳಲ್ಲಿ ಸಾಮಾನ್ಯವಾಗಿ ಹೆಣ್ಣೇ ದೊಡ್ಡದು. ಕಾಗೆಗಳಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಎಂಬುದನ್ನು ನೋಡಿ ಹೇಳಲಾರೆವು. ನಮ್ಮ ಮನೆಗಳ ಪೂರ್ವಗ್ರಹವನ್ನೇ ಕೋಟ್ಯಂತರ ವರ್ಷಗಳ ಹಿಂದಿನ ಜೀವಿಗಳಿಗೂ ತೊಡಿಸಿದರೆ, ಆಟವಾಡುವ ಎಳೆಯ ಮನಸ್ಸು ಅದನ್ನು ಸೃಷ್ಟಿನಿಯಮವೆಂದೇ ನಂಬೀತು.

ಆದ್ದರಿಂದ ಇಂಥ ಆಟಗಳಿಂದ ನಾನು ಬಯಸುವುದು ಇಷ್ಟೆ: ಪ್ರಾಣಿಯ ಪರಿಚಯ ಕೊಡುವಲ್ಲಿ, ಇದು ಮೂಳೆ ಹೇಳಿದ ಮಾತು, ಇದು ನಮ್ಮ ಕಲ್ಪನೆ ಎಂದು ಎರಡು ಸಾಲು ಬರೆಯಲಿ. ಪ್ರಾಚೀನ ಕಾವ್ಯವನ್ನು ಸಂಪಾದಿಸುವವರು ಓಲೆ ಮುರಿದೆಡೆಯಲ್ಲಿ ತಾವು ಊಹಿಸಿ ತುಂಬಿದ ಅಕ್ಷರಗಳಿಗೆ ಕಂಸ ಹಾಕುತ್ತಾರಲ್ಲವೆ? ಆ ಶಿಸ್ತು ಇಲ್ಲಿಯೂ ಸಲ್ಲುತ್ತದೆ.