ಚಿತ್ತಚಾಂಚಲ್ಯದ ಬೇರು

ಓದಲು ಕುಳಿತ ಮಗುವಿನ ಮನಸ್ಸು ನಿಲ್ಲದೆಂಬುದು ಪಾಲಕರ ನಿತ್ಯದ ದೂರು. ರಾಗಿಗುಡ್ಡದ ಮನೆಯಾಗಲಿ, ಭದ್ರಾವತಿಯ ಮನೆಯಾಗಲಿ, ತಪ್ಪನ್ನು ಹೊರಿಸುವುದು ಮೊಬೈಲಿನ ಮೇಲೆ. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿ ಇಂಥ ಗೀಳಿಗೆಂದೇ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು. ಆದರೆ ಮೊಬೈಲಿಲ್ಲದ ಕೋಣೆಯಲ್ಲಿಯೂ ಮನಸ್ಸು ಅಲೆಯುವುದೇಕೆ?

ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ಬೀಜಗಣಿತದ ಲೆಕ್ಕವನ್ನು ಬಿಡಿಸುತ್ತಿದ್ದಾನೆನ್ನೋಣ. ಎರಡನೆಯ ಹೆಜ್ಜೆ ಹೊಳೆಯದು. ತಾನು ದಡ್ಡನೇನೋ ಎಂಬ ಅಳುಕು ಮೂಡುತ್ತದೆ. ಆ ಕ್ಷಣವೇ ಬಾಯಾರಿಕೆಯಾಗುತ್ತದೆ, ಪೆನ್ಸಿಲು ಮೊಂಡಾಗಿ ಕಾಣುತ್ತದೆ. ಎದ್ದುಹೋದರೆ ಅಳುಕು ಕ್ಷಣಕಾಲ ಅಡಗುತ್ತದೆ. ಆ ಕ್ಷಣಿಕ ನೆಮ್ಮದಿಯೇ ಎದ್ದುಹೋಗುವುದನ್ನು ಅಭ್ಯಾಸವಾಗಿಸುತ್ತದೆ. ಭಯ, ಬೇಸರ, ನಾಚಿಕೆ, ಮನೆಯೊಳಗಿನ ಕಲಹದ ಚಿಂತೆ, ಇವೆಲ್ಲವೂ ಹೀಗೆಯೇ ಮನಸ್ಸನ್ನು ಪುಸ್ತಕದಿಂದ ಎಬ್ಬಿಸುತ್ತವೆ.

ಹಾಗಿರುವಾಗ ಗದರಿಕೆಯು ಅಳುಕನ್ನು ಹೆಚ್ಚಿಸೀತೇ ವಿನಾ ಏಕಾಗ್ರತೆಯನ್ನು ತಾರದು. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳನ್ನು ಕುರಿತು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಲ್ಲಿ ಗಮನಾರ್ಹ. ಮೊದಲ ಪರೀಕ್ಷೆಯ ಓದನ್ನು ಮುಂದೂಡಿದ್ದವರ ಪೈಕಿ, ಆ ತಪ್ಪಿಗಾಗಿ ತಮ್ಮನ್ನು ತಾವೇ ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಅಷ್ಟಾಗಿ ಮುಂದೂಡಲಿಲ್ಲ.

ಆದುದರಿಂದ ಮನಸ್ಸು ಜಾರಿದೊಡನೆ ‘ಈಗ ನನಗೇನು ಅನಿಸುತ್ತಿದೆ?’ ಎಂದು ಕೇಳಿಕೊಳ್ಳುವುದನ್ನು ಮಕ್ಕಳಿಗೆ ಕಲಿಸಬೇಕು. ಅನಿಸಿದ್ದಕ್ಕೆ ಹೆಸರಿಟ್ಟು ಚೀಟಿಯಲ್ಲಿ ಬರೆಯಲಿ. ಬಳಿಕ ಇಡೀ ಪಾಠವನ್ನು ನೆನೆಯದೆ ಒಂದೇ ಹೆಜ್ಜೆಯನ್ನು, ಹತ್ತೇ ನಿಮಿಷ ಪ್ರಯತ್ನಿಸಲಿ. ಅಧ್ಯಾಪಕರೂ ‘ಏಕೆ ಓದಲಿಲ್ಲ?’ ಎಂಬುದರ ಬದಲು ‘ಎಲ್ಲಿ ತಡೆಯಿತು?’ ಎಂದು ಕೇಳಿದರೆ, ಮಗುವು ಮರೆಮಾಚದೆ ಉತ್ತರಿಸೀತು.